ಸಿಸ್ಟರ್ ಯುಲಾಲಿಯ ಸಾಕ್ಷಿ

"ಅಲ್ಲಾ, ಹೆಸರೇ ಇಲ್ಲದ ಹಾಡಿಗೆ ಇಷ್ಟೊಂದು ಅಪ್ಪಂದಿರು ಎಲ್ಲಿಂದ ಹುಟ್ಕೊಂಡ್ರು?"

ಕೋಣೆಯಲ್ಲಿ ನಾನೊಬ್ಬನೇ ಇದ್ದೆ, ಕೇಳಿದ್ದು ಗೋಡೆಯನ್ನು. ಮೆಟ್ಟಿಲ ಮೇಲೆ ಲೆನ್‌ಫರ್ಡ್ ಮತ್ತು ರಾಯ್‌ಸ್ಟನ್ ಕಿತ್ತಾಡುತ್ತ ಹತ್ತಿ ಬರುತ್ತಿದ್ದರು.

ಲಂಡನ್ನಿನ ಟಾಟನ್‌ಹ್ಯಾಮಿನಲ್ಲಿ ನನ್ನದು ಗ್ರಾಮಫೋನು ಪ್ಲೇಟು ಕೊರೆಯುವ ಕೆಲಸ. ಹುಡುಗರು ಟೇಪು ತರುತ್ತಾರೆ, ಒಂದೇ ಒಂದು ಪ್ರತಿ ಕೊರೆದು ಕೊಡುತ್ತೇನೆ, ಶನಿವಾರ ಅದರ ಮುಂದೆ ಸಾವಿರ ಜನ ಕುಣಿಯುತ್ತಾರೆ. ಜಂಗಲ್ ಎಂಬ ಈ ಓಟದ ಡೋಲಿನ ಕುಣಿತದ ಸಂಗೀತದವರು ಪ್ಲೇಟಿನ ಮೇಲೆ ಹೆಸರು ಉಳಿಸುವುದಿಲ್ಲ. ಚೀಟಿ ಇದ್ದರೂ ನೀರಲ್ಲಿ ನೆನೆಸಿ ಕಿತ್ತು ಹಾಕುತ್ತಾರೆ. ಎದುರಾಳಿ ತಂಡದವರು ಇಣುಕಿ ನೋಡಿ ಹಾಡಿನ ಗುರುತು ಹಿಡಿಯಬಾರದಲ್ಲ! ಹೀಗಾಗಿ ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಲಂಡನ್ನನ್ನೇ ಕುಣಿಸಿದ ಹಾಡಿಗೆ ಹೆಸರಿರಲಿಲ್ಲ, ಮಾಡಿದವರ ಹೆಸರೂ ಇರಲಿಲ್ಲ. ಈಗ ದೊಡ್ಡ ಕಂಪನಿಯೊಂದು ಅದನ್ನು ಅಂಗಡಿಗೆ ತರಲು ಹೊರಟಿತ್ತು. ಗುರುವಾರದೊಳಗೆ ಹಾಡು ಮಾಡಿದವರ ಹೆಸರು ಕೊಡಿ ಎಂದಿತ್ತು.

"ಡೋಲು ಕೂಡಿಸಿದ್ದು ನಾನು. ಹದಿನೇಳು ದಿನ ನಿದ್ದೆ ಕೆಟ್ಟಿದ್ದೀನಿ!" ಎಂದು ಲೆನ್‌ಫರ್ಡ್ ಬಾಗಿಲಲ್ಲೇ ಶುರುಮಾಡಿದ.

"ಡೋಲು ನಿಂದಾ? ಯಾವನೋ ಅಮೆರಿಕದ ಮುದುಕನ ಪ್ಲೇಟಿಂದ ಆರು ಸೆಕೆಂಡು ಕದ್ದು ಈರುಳ್ಳಿ ಹೆಚ್ಚಿದ ಹಾಗೆ ಹೆಚ್ಚಿದೆ, ಅಷ್ಟೇ," ಎಂದ ರಾಯ್‌ಸ್ಟನ್. ಅವನು ಮೈಕು ಹಿಡಿದು ಜನರನ್ನು ಕೆರಳಿಸುವವನು.

"ನೀನೇನ್ ಕಡಿದೆ? ನಾಲ್ಕು ಸಲ 'ಹೋಯ್' ಅಂದೆ. ನಮ್ಮನೆ ನಾಯಿನೂ ಅನ್ನುತ್ತೆ."

"ನಿಮ್ಮನೆ ನಾಯಿಗೆ ಯಾರಾದ್ರೂ ಕುಣಿದಿದ್ದಾರೇನೋ? ಪಾದ್ರೀ, ನೀನೇ ಹೇಳು ಮಾರಾಯ."

ನಾನು ಭಾನುವಾರ ಚರ್ಚು ತಪ್ಪಿಸುವವನಲ್ಲ, ಅದಕ್ಕೇ ಅವರಿಗೆ ನಾನು ಪಾದ್ರಿ.

"ಆ ಹಾಡಲ್ಲಿರೋ ದನಿ ಯಾರದ್ದು?" ಎಂದೆ.

"ಯಾವುದೋ ಮುದುಕಿದು. ಅದಕ್ಕೇನೀಗ?" ಎಂದ ಲೆನ್‌ಫರ್ಡ್.

ಆ ಮುದುಕಿ ನಮ್ಮ ಚರ್ಚಿನ ಸಭೆಯ ಸಿಸ್ಟರ್ ಯುಲಾಲಿ. ಸನ್ಯಾಸಿನಿಯಲ್ಲ, ಸಭೆಯ ಹೆಂಗಸರನ್ನೆಲ್ಲ ನಾವು ಕರೆಯುವುದೇ ಹಾಗೆ. ಜಮೈಕಾದಲ್ಲಿ ನೆರೆ ಬಂದ ದಿನ ಅವರ ಮೂರು ವರ್ಷದ ಮಗಳು ಕೈಯಿಂದ ಜಾರಿ ಹೋದಳು. ಅದನ್ನು ಅವರೇ ಪದ್ಯ ಕಟ್ಟಿಕೊಂಡು ಪ್ರತಿ ವರ್ಷ ಒಮ್ಮೆ ಸಭೆಯಲ್ಲಿ ಎದ್ದು ನಿಂತು ದೇವರ ಮುಂದೆ ಸಾಕ್ಷಿ ಹೇಳುತ್ತಾರೆ. *ನೀರು ಎದೆಗೆ ಬಂತು, ನಾನು ನಿಂತೆ. ನೀರು ಗಂಟಲಿಗೆ ಬಂತು, ನಾನು ನಿಂತೆ. ಕೈ ಜಾರಿತು, ದೇವರೇ, ನಾನು ನಿಂತೇ ಇದ್ದೆ.* ಚಿಕ್ಕಂದಿನಿಂದ ಅದನ್ನು ಕೇಳಿಯೇ ಬೆಳೆದವನು ನಾನು. ಹಾಸಿಗೆ ಹಿಡಿದವರಿಗೆ ಕೇಳಿಸಲೆಂದು ಅವರ ಒಪ್ಪಿಗೆ ಪಡೆದೇ ಟೇಪು ಮಾಡಿಕೊಂಡಿದ್ದೆ. ಒಂದು ದಿನ ಅದನ್ನು ಲೆನ್‌ಫರ್ಡನ ಮುಂದೆ ಹಾಕಿದೆ. ನಮ್ಮವರ ಮಾತಿನ ಶಕ್ತಿ ನೋಡು ಎಂಬ ಜಂಬ. ಪ್ರತಿ ಮಾಡಿಕೊಳ್ಳಲಾ ಎಂದ. ಹೂಂ ಎಂದೆ.

ಅವನು ದನಿಯನ್ನು ಗಿಳಿಯ ಕೀಚಲಿನಂತೆ ವೇಗ ಮಾಡಿದ. 'ಕೈ ಜಾರಿತು' ಎಂಬುದನ್ನು ಕತ್ತರಿಸಿ ಎಂಟು ಸಲ ಜೋಡಿಸಿದ, ಆಮೇಲೆ ನೆಲ ನಡುಗುವಂಥ ಗುಡುಗು. ಒಮ್ಮೆ ಪ್ಲೇಟು ತಲುಪಿಸಲು ಕುಣಿತದ ಜಾಗಕ್ಕೆ ಹೋಗಿದ್ದೆ. ಆ ಎಂಟು ಸಲಕ್ಕೆ ಪೀಪಿ ಊದಿದರು, ಲೈಟರು ಹಚ್ಚಿದರು, ಮತ್ತೆ ಹಾಕು ಮತ್ತೆ ಹಾಕು ಎಂದು ಗೋಡೆ ಗುದ್ದಿದರು. ಹೊರಗೆ ಬಂದು ಕಸದ ಡಬ್ಬಿಯ ಪಕ್ಕ ವಾಂತಿ ಮಾಡಿಕೊಂಡೆ. ಆಮೇಲೂ, ಪ್ಲೇಟು ಸವೆದಾಗಲೆಲ್ಲ, ಅದನ್ನು ಹನ್ನೊಂದು ಸಲ ಕೊರೆದೆ. ಇದೇ ಕೈಯಿಂದ.

"ಅದು ನಮ್ಮ ಸಿಸ್ಟರ್ ಯುಲಾಲಿ ದನಿ. ಮೊದಲು ಅವರ ಹೆಸರು ಹಾಕಿ. ಇಲ್ಲಾಂದ್ರೆ ಕಂಪನಿಗೆ ಪ್ಲೇಟು ನಾನು ಕೊರೆಯಲ್ಲ," ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಇವನ ಹೆಸರು ಮೇಲಿರಲ್ಲ ತಾನೇ? ಹಾಗಾದ್ರೆ ಆಗ್ಲಿ," ಎಂದ ರಾಯ್‌ಸ್ಟನ್.

"ನಂಗೂ ಅಷ್ಟೇ ಸಾಕು," ಎಂದ ಲೆನ್‌ಫರ್ಡ್. "ಮುದುಕಿ ಹತ್ರ ಸಹಿ ತಗೊಂಡ್ ಬಾ ಪಾದ್ರಿ."

ನ್ಯಾಯ ಗೆದ್ದಿತು ಎಂದುಕೊಳ್ಳುವಂತಿರಲಿಲ್ಲ. ಮೈಗೆ ಜಿಡ್ಡು ಮೆತ್ತಿದಂತಾಯಿತು. ಆದರೂ ಕಾಗದ, ಹಾಡಿನ ಟೇಪು ಹಿಡಿದು ಹೋದೆ. ಅವರ ಹೆಸರು ಅವರಿಗೆ ಸಿಕ್ಕರೆ ನಾನು ಮಾಡಿದ್ದು ತೊಳೆದು ಹೋದೀತು ಎಂಬ ಆಸೆ.

ಸಿಸ್ಟರ್ ಯುಲಾಲಿ ಅಡುಗೆಮನೆಯಲ್ಲಿ ತೊಗರಿಕಾಯಿ ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ.

"ಹಾಕು, ಕೇಳ್ತೀನಿ," ಎಂದರು.

ಕೊನೆಯವರೆಗೂ ಕೇಳಿದರು. ಕೈ ಮಾತ್ರ ನಿಂತಿತ್ತು.

"ಇದಕ್ಕೆ ಜನ ಏನ್ಮಾಡ್ತಾರೆ ಐಸಯಾ?"

"ಕುಣೀತಾರೆ ಸಿಸ್ಟರ್."

"ಯಾವ ಮಾತಿಗೆ ಜೋರಾಗಿ ಕುಣೀತಾರೆ?"

ನಾನು ನೆಲ ನೋಡಿದೆ. ಅವರಿಗೆ ಗೊತ್ತಾಯಿತು. ಕಾಗದ, ಪೆನ್ನು ಮೇಜಿನ ಮೇಲಿಟ್ಟೆ.

"ನಿಮ್ಮ ಹೆಸರೇ ಮೊದಲು ಬರುತ್ತೆ. ಮಾತು ನಿಮ್ಮದು ಅಂತ ಎಲ್ಲರಿಗೂ ಗೊತ್ತಾಗ್ಲಿ. ಒಂದು ಸಹಿ ಹಾಕಿ ಸಿಸ್ಟರ್."

ಅವರು ಕಾಗದವನ್ನು ಸಿಪ್ಪೆಯ ಜೊತೆಗೇ ನನ್ನ ಕಡೆ ಸರಿಸಿದರು.

"ನನ್ನ ಮಗು ಮುಳುಗಿದ್ದಕ್ಕೆ ಕುಣೀತಾರೆ, ಅದಕ್ಕೆ ನನ್ನ ಹೆಸರು ಬೇರೆ ಬೇಕಾ ನಿಂಗೆ? ಹಾಕಲ್ಲ. ತಗೊಂಡು ಹೋಗು."