ದವಡೆಯ ಬೆಳಕು

ನನ್ನ ಹೆಂಡತಿ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಲೋಕದ ಸುದ್ದಿಯನ್ನೆಲ್ಲ ಹೇಳಬಲ್ಲವಳು. ಅಂಥವಳಿಗೆ ಸ್ಕ್ಯಾನಿಂಗ್ ಹುಡುಗಿ ಇಂಜೆಕ್ಷನ್ ಚುಚ್ಚಿ, "ಒಂದು ಗಂಟೆ ಮಾತಾಡಬಾರದಮ್ಮ, ಅಲ್ಲಾಡಬಾರದು. ಯಾವ ಸ್ನಾಯು ದುಡಿಯತ್ತೋ ಈ ಇಂಜೆಕ್ಷನ್‌ನಲ್ಲಿರೋ ಸಕ್ಕರೆ ಅಲ್ಲಿಗೇ ಹೋಗಿ ಹೊಳೆಯತ್ತೆ, ಚಿತ್ರ ಕೆಡತ್ತೆ" ಎಂದಳು. ಯಾರಿಗೆ ಹೇಳುತ್ತಿದ್ದೇನೆಂದು ಪಾಪ ಅವಳಿಗೇನು ಗೊತ್ತು.

ಆ ಚಿತ್ರ ಕೆಡಲೇಬಾರದಿತ್ತು. ಶ್ವಾಸಕೋಶದ ಗಡ್ಡೆಯನ್ನೇ ಗುರಿಯಿಟ್ಟು ಹೊಡೆಯುವ ಮಾತ್ರೆ ಶುರುವಾಗಿ ಎರಡು ವಾರವಾಗಿತ್ತು. "ಮಾತ್ರೆ ನಾಟಿದ್ರೆ, ಗಡ್ಡೆ ಕರಗೋಕೆ ಮುಂಚೆನೇ ಅದರ ಸಕ್ಕರೆ ಹಸಿವು ಕಮ್ಮಿ ಆಗತ್ತೆ, ಚಿತ್ರದಲ್ಲಿ ಮಂಕಾಗಿ ಕಾಣತ್ತೆ. ಹೊಳೀತಾನೇ ಇದ್ರೆ ಈ ಮಾತ್ರೆ ಬಿಡಬೇಕು" ಎಂದಿದ್ದರು ಡಾಕ್ಟರು. ಬಿಟ್ಟರೆ ಮುಂದೇನು ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಆ ಒಂದು ಗಂಟೆ ಅವಳು ಒಳಗೆ, ನಾನು ದಪ್ಪ ಗಾಜಿನ ಈಚೆ. ನನ್ನ ಮುಂದೊಂದು ಮೈಕು. "ಗಾಬರಿಯಾದ್ರೆ ಸಮಾಧಾನ ಹೇಳಿ" ಎಂದು ಹುಡುಗಿ ಹೋದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ಮಾತು ನನ್ನ ಪಾಲಿಗೆ ಬಂದಿತ್ತು. ಅವಳು ನಿಜಕ್ಕೂ ತುಟಿ ಬಿಚ್ಚದೆ ಮಲಗಿದ್ದಳು. ಅದನ್ನು ನೋಡಿಯೇ ನನಗೆ ಭಯ ಹತ್ತಿತು. ಗಡ್ಡೆ ಹೊಳೆದುಬಿಟ್ಟರೆ? ಹೇಳಬೇಕಾದ್ದು ಹಾಗೇ ಉಳಿದುಹೋದರೆ?

"ನೋಡೇ," ಎಂದೆ. "ನಿನ್ನ ಮೊದಲನೇ ಹೊಲಿಗೆ ಮಿಷನ್ನು... ಅದನ್ನ ಕೆಡಿಸಿದ್ದು ನಿನ್ನ ತಮ್ಮ ಅಲ್ಲ. ನಾನು. ಗಡಿಯಾರ ರಿಪೇರಿ ಮಾಡೋನಿಗೆ ಇದ್ಯಾವ ಮಹಾ ಅಂತ ಬಿಚ್ಚಿದೆ. ಜೋಡಿಸಿದ ಮೇಲೆ ನಾಲ್ಕು ಸ್ಕ್ರೂ ಮಿಕ್ಕಿತು."

ಗಾಜಿನಾಚೆ ಅವಳ ಕಣ್ಣು ತೆರೆಯಿತು. ಆ ಮಿಷನ್ನಿಗಾಗಿ ತಮ್ಮನನ್ನು ಹನ್ನೊಂದು ವರ್ಷ ಬೈದವಳು. ಇನ್ನೂ ನಲವತ್ತು ನಿಮಿಷ ಬಾಕಿಯಿತ್ತು.

ಸ್ಕ್ಯಾನ್ ಮುಗಿದ ಮೇಲೂ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಸಂಜೆ ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ತೋರಿಸಿದರು. ಹಳೆಯದರಲ್ಲಿ ಧಗಧಗ ಉರಿಯುತ್ತಿದ್ದ ಗಡ್ಡೆಯನ್ನು ಹೊಸದರಲ್ಲಿ ಹುಡುಕಬೇಕಾಗಿತ್ತು.

"ಮಾತ್ರೆ ನಾಟಿದೆ. ಇದನ್ನೇ ಮುಂದುವರಿಸೋಣ" ಎಂದವರು ಕನ್ನಡಕ ಸರಿಪಡಿಸಿಕೊಂಡರು. "ಆದ್ರೆ ಈ ಎರಡು ದವಡೆ ಯಾಕೆ ಹೀಗೆ ಹೊಳೀತಿವೆ? ಹೆದರಬೇಡಿ, ಬರೀ ಸ್ನಾಯು. ಮಾತಾಡಿದ್ರಾ ಅಮ್ಮ?"

"ಮಾತೆಲ್ಲಿ ಡಾಕ್ಟ್ರೇ! ಹಲ್ಲು ಕಡೀತಿದ್ದೆ" ಎಂದು ಅವಳು ನನ್ನ ಕಡೆ ತಿರುಗಿದಳು. "ನಾಲ್ಕು ಸ್ಕ್ರೂ ಏನ್ರೀ?"

ಅಲ್ಲಿಂದ ಶುರುವಾಯಿತು. ಮೆಟ್ಟಿಲಿಳಿಯುವಾಗ ಬೈದಳು, ಸ್ಕೂಟರ್ ಹತ್ತಿ ಬೈದಳು, ನನ್ನ ಬೆನ್ನಿಗೆ ಗುದ್ದಿ ಅತ್ತಳು, ಮತ್ತೆ ಬೈದಳು. ಮನೆ ಹತ್ತೇ ನಿಮಿಷದ ದಾರಿ. ನಾನು ಊರೆಲ್ಲ ಸುತ್ತಿಕೊಂಡು ಹೋದೆ.