ಚೆಕ್ಕಿಗೆ ಬೇಕಾದ ಕೈ

ನನ್ನ ಹೊಲಿಗೆ ಯಂತ್ರದ ಅಂಗಡಿಯಲ್ಲಿ ಚೆಕ್ ನಡೆಯುವುದಿಲ್ಲ. ನೋಟನ್ನು ಕಳ್ಳ ಕೊಟ್ಟರೂ ಅದು ನೋಟೇ. ಚೆಕ್ಕಿಗಾದರೋ ಬರೆದವರ ಖಾತೆಯಲ್ಲಿ ಹಣವಿರಬೇಕು, ಮನಸ್ಸು ಬದಲಾಗಬಾರದು, ಸಹಿ ಹೊಂದಬೇಕು. ಕೈ ಸುಟ್ಟುಕೊಂಡೇ ಕಲಿತವಳು ನಾನು. ಬಾಯಿಬಡುಕಿ ಅಂತ ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಟೈಲರಮ್ಮನ ಚೆಕ್ಕನ್ನು ಮಾತ್ರ ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ. ಎದುರು ಬೀದಿಯಲ್ಲಿ ಹೊಲಿದು ಹೊಲಿದು ಮುದುಕಿಯಾದವರು. ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾಗ, "ಇನ್ನೆಲ್ಲಿ ಹೊಲೀತಾಳೆ" ಅಂತ ಮಗ ಅವರ ಯಂತ್ರವನ್ನು ಗುಜರಿಗೆ ಹಾಕಿದ್ದ. ಈಗ ಹೊಸ ಕಾಲ್ತುಳಿ ಯಂತ್ರ ಕೊಳ್ಳಲು ಬಂದು, ನಡುಗುವ ಬಲಗೈಯಲ್ಲೇ ಚೆಕ್ಕಿಗೆ ಸಹಿ ಹಾಕಿದ್ದರು.

ಸಹಿ ಹೊಂದುವುದಿಲ್ಲವೆಂದು ಚೆಕ್ ವಾಪಸ್ಸಾಯಿತು. ಟೈಲರಮ್ಮನನ್ನು ಕರೆದುಕೊಂಡು ಬ್ಯಾಂಕಿಗೇ ನುಗ್ಗಿದೆ.

"ಇವರ ದುಡ್ಡು ಇವರಿಗೆ ಕೊಡೋಕೆ ನಿಮ್ಮಪ್ಪನ ಮನೆ ಗಂಟು ಹೋಗುತ್ತಾ?" ಅಂದೆ.

ಕೌಂಟರಿನ ಹುಡುಗ ಪಾಪದವನು. "ಇವರೇ ಅಂತ ನಂಗೂ ಗೊತ್ತಕ್ಕ. ಖಾತೆ ತೆಗೆದಾಗ ಕಾರ್ಡಿನಲ್ಲಿ ಮಾಡಿದ ಸಹಿ ಹೀಗಿಲ್ವಲ್ಲ. ಅಮ್ಮ, ಹೆಬ್ಬೆಟ್ಟು ಒತ್ತಿಬಿಡಿ, ಇನ್ಮೇಲೆ ಅದೇ ನಡೆಯುತ್ತೆ."

"ಹೆಬ್ಬೆಟ್ಟಾ?" ಟೈಲರಮ್ಮನ ಮುಖ ಕೆಂಪಾಯಿತು. "ಮೂರು ಮಕ್ಕಳಾದ್ಮೇಲೆ ಹಟ ಹಿಡಿದು ನನ್ನ ಹೆಸರು ಬರೆಯೋಕೆ ಕಲಿತವಳಪ್ಪ ನಾನು. ಪ್ರಾಣ ಹೋದ್ರೂ ಒತ್ತಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಮಗಳೇ, ಆ ಯಂತ್ರ ಇಲ್ಲಿಗೇ ತರ್ಸು. ಕಾಲು ಓಡಿದ್ರೆ ಕೈ ಮಾತು ಕೇಳುತ್ತೆ" ಅಂದರು.

ಮುದುಕಿಗೆ ತಲೆ ಕೆಟ್ಟಿತು ಅಂದುಕೊಂಡೆ. ಆದರೂ ನಮ್ಮನೆಯವರಿಗೆ ಫೋನ್ ಮಾಡಿದೆ. ಅವರು ಗೊಣಗುತ್ತಲೇ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದರು. ಬ್ಯಾಂಕಿನ ನಟ್ಟನಡುವೆ ಹೊಲಿಗೆ ಯಂತ್ರ! ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು.

ಟೈಲರಮ್ಮ ಕೂತು ಹಲಗೆಯ ಮೇಲೆ ಹೊಸ ಚೆಕ್ ಇಟ್ಟುಕೊಂಡರು. ಎಡಗೈ ಚಕ್ರ ತಿರುಗಿಸಿತು, ಪಾದ ತುಳಿಯತೊಡಗಿತು. ಟಕಟಕ, ಟಕಟಕ. ಮೊದಲು ಬಲಗೈ ನಡುಗುತ್ತಲೇ ಇತ್ತು. ಆಮೇಲೆ ನಡುಕ ನಿಧಾನವಾಯಿತು. ಆಮೇಲೆ, ನನ್ನ ಕಣ್ಣಾಣೆ, ನಿಂತೇಹೋಯಿತು. ನಕ್ಕವರೆಲ್ಲ ಸಾಲು ಬಿಟ್ಟು ಹತ್ತಿರ ಬಂದರು. ಆ ಬೆರಳುಗಳು ಪೆನ್ನು ಹಿಡಿದು ಬಟ್ಟೆಗೆ ಅಂಚು ಕಟ್ಟುವಷ್ಟು ನೆಟ್ಟಗೆ ಅಕ್ಷರದ ಪಕ್ಕ ಅಕ್ಷರ ಇಡುತ್ತ ಹೋದವು. ಇಷ್ಟು ವರ್ಷ ಈ ಯಂತ್ರಗಳನ್ನು ಮಾರಿದವಳಿಗೆ ಇವು ಏನೆಂದೇ ಗೊತ್ತಿರಲಿಲ್ಲ.

ಕಾಲು ನಿಂತಿತು. ಕೈ ಮತ್ತೆ ನಡುಗಿತು.

ಹುಡುಗ ಕೌಂಟರು ದಾಟಿ ಬಂದು, ಕಾರ್ಡನ್ನು ಚೆಕ್ಕಿನ ಪಕ್ಕ ಹಿಡಿದ.

"ಇದು ನಿಮ್ಮದೇ ಅಮ್ಮ," ಅಂದ.

"ನಂದಲ್ದೆ ಇನ್ಯಾರದಪ್ಪ?" ಅಂದರು ಟೈಲರಮ್ಮ. ಅಂದವರೇ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟರು.