ಹಿಪ್ಪಲಿಯ ಲೆಕ್ಕ

ಬಾಣಂತಿ ಉಂಡೆ ಕಟ್ಟುವುದರಲ್ಲಿ ಪಳಗಿದ್ದ ಪಟಾಲಮ್ಮ ಹೆಗ್ಗನಹಳ್ಳಿಯಿಂದ ಮಾಗಡಿ ರಸ್ತೆಗುಂಟ ನಡೆದು ರಾಜಾಜಿನಗರ ತಲುಪುವ ಹೊತ್ತಿಗೆ ರಾಮಮ್ಮ ಮದ್ದನ್ನೆಲ್ಲ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ತಟ್ಟೆ ತುಂಬ ಪುಡಿ ಮಾಡಿಟ್ಟಿದ್ದಳು. ಮಗಳು ಗಂಗಲಕ್ಷ್ಮಮ್ಮ ಹೆತ್ತು ಹನ್ನೊಂದು ದಿನವಾಗಿತ್ತು. ಹೆರಿಗೆಯಲ್ಲಿ ರಕ್ತ ಹೋಗಿ ಸೊರಗಿದ್ದಳು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಇವತ್ತು ಬಾಣಂತಿ ಉಂಡೆ ಶುರುವಾಗಲೇಬೇಕಿತ್ತು.

“ನಿಮಗೆ ಕೆಲ್ಸ ಕಮ್ಮಿ ಆಗ್ಲಿ ಅಂತ ನಾನೇ ಕುಟ್ಟಿಬಿಟ್ಟೆ ಕಣಕ್ಕ. ಇನ್ನು ಬೆಲ್ಲದ ಪಾಕ ಒಂದು ಮಾಡಿದ್ರೆ ಮುಗೀತು.”

ಪಟಾಲಮ್ಮ ಒಂದು ಚಿಟಿಕೆ ನಾಲಿಗೆಗಿಟ್ಟುಕೊಂಡಳು. ನಾಲಿಗೆ ಜುಮುಗುಟ್ಟಿ ಮರಗಟ್ಟಿತು.

“ಹಿಪ್ಪಲಿ ಎಷ್ಟು ಹಾಕ್ದೆ?”

“ನೀವು ಹೇಳ್ದಂಗೇ. ಬಾಣಂತಿ ಹಿಡೀಲೇ ಅಳೀಬೇಕು ಅಂದ್ರಲ್ಲ, ಗಂಗಿ ಕೈಲೇ ಅಳೆಸಿದೀನಿ. ಒಣಶುಂಠಿ ಒಂದು ಹಿಡಿ, ಓಮ ಒಂದು ಹಿಡಿ, ಮೆಂತ್ಯ, ಗಸಗಸೆ, ಹಿಪ್ಪಲೀನೂ ಒಂದೊಂದು ಹಿಡಿ.”

ಹಾಗೆ ಹೇಳಿದ್ದು ನಿಜ. ತಿನ್ನುವವಳ ಮೈಗೆ ತಕ್ಕಷ್ಟು ಮದ್ದು ಸಿಗಲೆಂದು ಅವಳ ಮುಷ್ಟಿಯನ್ನೇ ಅಳತೆ ಮಾಡುವುದು ಪದ್ಧತಿ. ಹಿಪ್ಪಲಿಗೆ ಮಾತ್ರ ಆ ಅಳತೆ ಇಲ್ಲ. ಅದನ್ನು ಎಣಿಸಿ ಹಾಕಬೇಕು, ಒಂದು ಪಾಲು ಮದ್ದಿಗೆ ಹತ್ತೇ ಹತ್ತು. ಹೆಗ್ಗನಹಳ್ಳಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಪಟಾಲಮ್ಮ ಬಿಡಿಸಿ ಹೇಳಿರಲಿಲ್ಲ; ಈಗ ಹೇಳಿದಳು.

“ಎರಡಚ್ಚು ಬೆಲ್ಲ ಜಾಸ್ತಿ ಹಾಕಿದ್ರೆ ಖಾರ ಮುರಿಯಲ್ವಾ?” ರಾಮಮ್ಮ ಕೇಳಿದಳು.

“ಬೆಲ್ಲ ಹಾಕಿ ನಾಲಿಗೇನ ಏಮಾರಿಸಬೋದು ಕಣೇ, ಹೊಟ್ಟೇನಲ್ಲ. ಉರಿ ಶುರುವಾದ್ರೆ ಇವಳು ತಿನ್ನೋ ನಾಲ್ಕು ತುತ್ತೂ ನಿಂತೋಗುತ್ತೆ.”

ರಾಮಮ್ಮನ ಮುಖ ಸಣ್ಣದಾಯಿತು. “ಹಂಗಾದ್ರೆ ಎಲ್ಲಾ ಚೆಲ್ಲಬೇಕಾ?”

“ಚೆಲ್ಲು ಅಂದವರ್ಯಾರು? ಮಿಕ್ಕಿರೋ ಹಿಪ್ಪಲಿ ತಾ. ಗಂಗಿ ಹಿಡೀಲಿ ಎಷ್ಟು ಬರುತ್ತೋ ಎಣಿಸಾಣ.”

ಗಂಗಲಕ್ಷ್ಮಮ್ಮ ಮತ್ತೊಂದು ಹಿಡಿ ಹಿಪ್ಪಲಿಯನ್ನು ಮೊರಕ್ಕೆ ಹಾಕಿದಳು. ಪಟಾಲಮ್ಮ ಎಣಿಸಿದಳು. ಮೂವತ್ತು.

“ಮೂರು ಪಾಲಿನ ಹಿಪ್ಪಲಿ ಬಿದ್ದಿದೆ. ಮಿಕ್ಕಿದ್ದೆಲ್ಲ ಇನ್ನೆರಡೆರಡು ಹಿಡಿ ಸೇರಿದ್ರೆ ಸರಿಹೋಗುತ್ತೆ. ಅಂಜಿನಯ್ಯ, ಸೈಕಲ್ ತೆಗಿಯಪ್ಪ. ಪೇಟೆ ಗ್ರಂಧಿಗೆ ಅಂಗಡೀಲಿ ಒಣಶುಂಠಿ, ಓಮ, ಮೆಂತ್ಯ, ಗಸಗಸೆ ತಗೊಂಡು ಬಾ.”

ವಾರದ ರಜೆಯಲ್ಲಿ ಮನೆಯಲ್ಲಿದ್ದ ರಾಮಮ್ಮನ ಗಂಡ ಅಂಜಿನಯ್ಯ ಎದ್ದ. “ಮೂರು ಪಾಲು ಯಾರಿಗಕ್ಕಾ? ನಾನೂ ತಿನ್ನಬೋದಾ?”

“ಹೆತ್ತಾಗ ತಿನ್ನುವಂತೆ, ಹೋಗು. ಎರಡು ಪಾಲು ಪುಡಿ ಮುಂದಕ್ಕೆ ಅಂತ ಭರಣೀಲಿ ಕಟ್ಟಿಡ್ತೀನಿ.”

ಅಂಜಿನಯ್ಯ ತಂದದ್ದನ್ನು ಗಂಗಲಕ್ಷ್ಮಮ್ಮನ ಕೈಯಿಂದಲೇ ಅಳೆಸಿ, ತುಪ್ಪದಲ್ಲಿ ಹುರಿದು, ಕುಟ್ಟಿ, ಹಳೆಯ ಪುಡಿಯೊಂದಿಗೆ ಕಲೆಸಿದ್ದಾಯಿತು. ಪಟಾಲಮ್ಮ ಮತ್ತೆ ಚಿಟಿಕೆ ಬಾಯಿಗಿಟ್ಟಳು. ಖಾರ ಏರಿತು, ಹಾಗೇ ಇಳಿಯಿತು. ಪುಡಿಯನ್ನು ಮೂರು ಪಾಲು ಮಾಡಿ ಒಂದನ್ನು ಒಲೆಯ ಬಳಿ ಇಟ್ಟುಕೊಂಡಳು. ಬೆಲ್ಲದ ಪಾಕದ ಹನಿ ನೀರಿನಲ್ಲಿ ಗುಂಡಗೆ ನಿಂತಾಗ ಪುಡಿ ಸುರಿದು, ಬಿಸಿ ಇರುವಾಗಲೇ ಕೈಗೆ ತುಪ್ಪ ಸವರಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿದಳು.

ಗಂಗಲಕ್ಷ್ಮಮ್ಮ ಅಂಜುತ್ತಲೇ ಕಚ್ಚಿದಳು. ರಾಮಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಉಂಡೆ ಮುಗಿಯಿತು.

“ಇನ್ನೊಂದು ಕೊಡಿ ಅಜ್ಜಿ.”

“ನಾಳೆ. ದಿನಕ್ಕೊಂದೇ.”

ದೀಪ ಹಚ್ಚುವ ಹೊತ್ತಿಗೆ ಗಂಗಲಕ್ಷ್ಮಮ್ಮ ತಾನಾಗಿಯೇ ಅನ್ನ ಕೇಳಿದಳು. ರಾಮಮ್ಮ ಸಾರು ಬಿಸಿಮಾಡಲು ಓಡಿದಳು.